ಭಂಡಾರ ಮುಟ್ಟಿದ ಇಬ್ಬರು ಹೆಣ್ಣುಮಕ್ಕಳು

ಮಕ್ಕಳೇ, ನಿಮ್ಮಪ್ಪ ಮೊಬೈಲಿನಲ್ಲಿ ವಿಡಿಯೋ ಮಾಡಿ ರಾಜಕೀಯ ಮಾತಾಡಲು ಶುರು ಮಾಡಿದ್ದು ನಮ್ಮ ಅಂಗಳದಲ್ಲಿಯೇ. ಗುಡೇಕೋಟೆ ಕಡೆಯಿಂದ ಹುಣಸೆಹಣ್ಣು ಬಂದಾಗ ನಾವು ಹೆಂಗಸರು ಸಾಲಾಗಿ ಕೂತು, ಮರದ ಕೊಡತಿಯಿಂದ ಕುಟ್ಟಿ ಬೀಜ ಬಿಡಿಸುತ್ತಿದ್ದೆವು. ಅವನು ಗೋಡೆಗೆ ಮೊಬೈಲು ಒರಗಿಸಿ, “ಯವ್ವಾ, ಒಂಚೂರು ಕುಟ್ಟೋದು ನಿಲ್ಸ್ರಿ, ಸಪ್ಪಳ ಬೀಳತೈತಿ” ಎನ್ನುತ್ತಿದ್ದ. ನಾವು ಕೊಡತಿ ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದೆವು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯಲ್ಲೆಲ್ಲ ಅವನ ಮಾತು ಕೇಳುವವರಿದ್ದರು. ನಾಲ್ಕು ಜನರೆದುರು ಬಾಯಿ ತೆರೆಯದ ನನ್ನ ಹೊಟ್ಟೆಯಲ್ಲಿ ಇಂಥ ಮಾತುಗಾರ ಹುಟ್ಟಿದನಲ್ಲ ಎಂದು ನನಗೆ ಹೆಮ್ಮೆಯೇ ಇತ್ತು.

ಆಗ ಎದುರು ಪಕ್ಷದ ಮುಖಂಡನೊಬ್ಬನ ಮೇಲೆ ಹಡಗಲಿ ಕಡೆಯ ಹೆಣ್ಣುಮಗಳೊಬ್ಬಳು ದೂರು ಕೊಟ್ಟಳು. ಕೆಲಸ ಕೊಡಿಸುತ್ತೇನೆಂದು ಕರೆಸಿ ಕೈಹಿಡಿದು ಎಳೆದನೆಂದು. ಮೈಲಾರಕ್ಕೆ ಹೋಗಿ ಜನರೆದುರು ಭಂಡಾರ ಮುಟ್ಟಿ ಆಣೆಯನ್ನೂ ಮಾಡಿದಳು. ನಮ್ಮ ಸೀಮೆಯಲ್ಲಿ ಮೈಲಾರಲಿಂಗನ ಆ ಅರಿಶಿನ ಪುಡಿ ಮುಟ್ಟಿದರೆ ಅಲ್ಲಿಗೆ ಮಾತು ಮುಗಿಯಿತು. ಹೊಲದ ಬದುವಿನ ಜಗಳವೂ ಅದರ ಮುಂದೆ ನಿಲ್ಲುವುದಿಲ್ಲ.

“ಭಂಡಾರ ಮುಟ್ಟಿದ ಹೆಣ್ಮಗಳು ಸುಳ್ಳಾಡ್ತಾಳೇನ್ರಿ? ತನ್ನ ಮಾನ ತಾನ ಬೀದಿಗಿ ಹಾಕ್ಕೊಂತಾಳೇನ್ರಿ?” ಎಂದ ನಿಮ್ಮಪ್ಪ. ಅಂಗಳದ ಹೆಂಗಸರು ಕಣ್ಣೊರೆಸಿಕೊಂಡರು. ಆ ಪಕ್ಷದವರು ಮಾತ್ರ ಚಹಾದಂಗಡಿಯಲ್ಲಿ ಕೂತು, “ಇಷ್ಟ್ ದಿನ ಬಾಯಾಗ ಏನ್ ಇಟ್ಕಂಡಿದ್ಲಂತ?” ಎಂದು ನಕ್ಕರು.

ಆಮೇಲೆ ನಿಮ್ಮಪ್ಪನ ಪಕ್ಷದ ಮುಖಂಡನ ಸರದಿ ಬಂತು. ಹಂಪಸಾಗರದ ಕಡೆ ಹೊಲಿಗೆ ಕಲಿಸುವ ಹೆಣ್ಣುಮಗಳೊಬ್ಬಳು ದೂರು ಕೊಟ್ಟಿದ್ದಾಳೆಂದು ಸುದ್ದಿಯಾಯಿತು. ಹೆಸರು ಎಲ್ಲೂ ಬರಲಿಲ್ಲ. ನನಗೆ ಮಾತ್ರ ಆವತ್ತು ಬೆಳಿಗ್ಗೆಯೇ ತಂಗಿ ಫೋನಿನಲ್ಲಿ ಅಳುತ್ತ ಹೇಳಿದ್ದಳು: ಅವಳು ನಮ್ಮವಳೇ, ತಂಗಿಯ ಮಗಳು. ಅವಳೂ ಮೈಲಾರಕ್ಕೆ ಹೋಗಿ ಭಂಡಾರ ಮುಟ್ಟಿ ಬಂದಿದ್ದಳು. ಗಂಡುಮಗನಿಗೆ ಇಂಥದನ್ನು ಯಾವ ಬಾಯಿಂದ ಹೇಳಲಿ ಎಂದು ನಾನು ಮಾತು ಹುಡುಕುತ್ತಿರುವಾಗಲೇ ಅವನು ಮೊಬೈಲು ಒರಗಿಸಿದ. ನಾವು ಕುಟ್ಟುವುದನ್ನು ನಿಲ್ಲಿಸಿದೆವು.

“ಭಂಡಾರ ಅಂಗಡ್ಯಾಗ ಪಾಕೀಟಿನಾಗ ಸಿಗತೈತ್ರಿ. ಮುಟ್ಟಿದ ಕೂಡ್ಲೇ ಸತ್ಯ ಆಕೈತೇನು? ಇಷ್ಟ್ ದಿನ ಯಾಕ ಸುಮ್ನಿದ್ಲು? ಯಾರ್ ಕಳಿಸ್ಯಾರ ಈಕಿನ್ನ?”

ಮಾತು ಮುಗಿಸಿ ಅವನು ಒಳಗೆ ಬಂದಾಗ ಅವಳು ಯಾರೆಂದು ಹೇಳಿದೆ. ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟ.

“ಮೊದ್ಲ ಹೇಳ್ಬಾರ್ದಿತ್ತೇನಬೇ?”

“ಹೇಳಿದ್ರ ಬ್ಯಾರೆ ಮಾತಾಡ್ತಿದ್ದೇನು?”

ಇನ್ನಾದರೂ ಆ ವಿಡಿಯೋ ತೆಗೆ ಎಂದೆ. “ತೆಗದ್ರ ನಮ್ಮೋರು ನನ್ನ ಮಾರಿಕೊಂಡಾನ ಅಂತಾರ” ಎಂದ. ಅವನು ಕೆಟ್ಟವನಲ್ಲ, ಮಕ್ಕಳೇ. ಅದೇ ನನಗೆ ತಾಳಲಾರದ ಸಂಕಟ.

ಮರುದಿನ ಅವಳೇ ಬಂದಳು. ಅಲ್ಲಿಯತನಕ ಗಂಡ ಅವಳ ಜೊತೆಗೇ ನಿಂತಿದ್ದನಂತೆ. ನಿಮ್ಮಪ್ಪನ ಮಾತು ಕೇಳಿದ ಮೇಲೆ, “ನಿಮ್ಮಣ್ಣನ ನಂಬಂಗಿಲ್ಲ ಅಂದ್ರ ನಾ ಹೆಂಗ ನಂಬಲಿ?” ಎಂದನಂತೆ. ತವರಿಗೆ ಹೋದರೆ ಅವ್ವ ಎದೆಯೊಡೆದುಕೊಳ್ಳುತ್ತಾಳೆಂದು ನಮ್ಮ ಮನೆಗೆ ಬಂದಿದ್ದಳು.

“ಅಣ್ಣ, ಹೊಸ್ದೇನೂ ಬ್ಯಾಡ. ಆ ಹಡಗಲಿ ಅಕ್ಕಗ ಏನ್ ಅಂದಿದ್ದಿ, ಅದನ್ನ ನನಗೂ ಅನ್ನು. ಅಷ್ಟ ಸಾಕು.”

“ಸ್ವಲ್ಪ ತಡಿಯವ್ವ, ಹಿರೇರ್ ಕೂಡ ಮಾತಾಡ್ತೀನಿ” ಎಂದು ತನ್ನ ತಟ್ಟೆಯ ರೊಟ್ಟಿ ಅವಳ ತಟ್ಟೆಗೆ ಹಾಕಿದ. ಅವಳು ಅದನ್ನು ಮುಟ್ಟಲಿಲ್ಲ.

ಸಂಜೆಯ ಹೊತ್ತಿಗೆ ಎದುರು ಪಕ್ಷದವರ ಜೀಪು ಬಂತು. ಅವಳು ನಮ್ಮಲ್ಲಿರುವುದು ಅವರಿಗೆ ಹೇಗೆ ತಿಳಿಯಿತೋ. ಚಹಾದಂಗಡಿಯಲ್ಲಿ ನಕ್ಕವರೇ ಈಗ ಶಾಲು, ಹಾರ ಹಿಡಿದು ನಿಂತಿದ್ದರು. ಅವರಲ್ಲಿ ಹಿರಿಯನಾದವನು ನನಗೆ ಕೈಮುಗಿದು, “ಯವ್ವಾ, ಭಂಡಾರ ಮುಟ್ಟಿದ ಹೆಣ್ಮಗಳು ಸುಳ್ಳಾಡ್ತಾಳೇನ್ರಿ? ನಾಳೆ ಕೊಟ್ಟೂರಾಗ ಸಭಾ ಐತಿ. ಸುಮ್ನ ಸ್ಟೇಜಿನ ಮ್ಯಾಲೆ ಕುಂತ್ರ ಸಾಕು, ಮಾತು ನಾವಾಡ್ತೀವಿ” ಎಂದ. ನಿಮ್ಮಪ್ಪ ಒಳಕೋಣೆಯಲ್ಲಿದ್ದ. ತನ್ನ ಮಾತನ್ನೇ ಅವರ ಬಾಯಲ್ಲಿ ಕೇಳಿಸಿಕೊಂಡ. ಹೊರಗೆ ಬರಲಿಲ್ಲ.

ಅವಳು ಬಾಗಿಲಿಗೆ ಬಂದು, “ಆ ಹಡಗಲಿ ಅಕ್ಕ ಈಗ ಎಲ್ಲಿ ಅದಾಳ್ರಿ?” ಎಂದು ಕೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಒಳಕೋಣೆಯ ಕಡೆ ತಿರುಗಿ, “ಅಣ್ಣ, ನಿನಗರ ಗೊತ್ತೈತೇನು?” ಎಂದಳು.

“ಇಲ್ಲವ್ವ” ಎಂದು ಒಳಗಿನಿಂದ ಕೇಳಿಸಿತು. ಆ ಹಡಗಲಿಯವಳ ಹೆಸರಿನಲ್ಲಿ ಅಷ್ಟು ಮಾತಾಡಿದವನಿಗೆ ಆಕೆ ಊರಲ್ಲಿದ್ದಾಳೋ ಬಿಟ್ಟಳೋ ಗೊತ್ತಿರಲಿಲ್ಲ.

“ದೊಡ್ಡವ್ವ, ನಾ ದೂರು ವಾಪಸ್ ತಗೊಂತೀನಿ” ಎಂದಳು ತಂಗಿಯ ಮಗಳು. ಜೀಪಿನವರು ಹಾರವನ್ನು ಚೀಲಕ್ಕೆ ತುರುಕಿಕೊಂಡು ಹೋದರು.

ಬೇಡ ಅನ್ನೋಣವೆಂದರೆ, ಯಾರನ್ನು ನಂಬಿ ನಿಲ್ಲು ಎನ್ನಲಿ? ಬೆಳಿಗ್ಗೆ ಅವಳ ಜೊತೆ ಬಸ್ಸು ಹತ್ತಿದೆ. ಠಾಣೆಯಲ್ಲಿ ಒಂದು ಕಾಗದ ಬರೆಸಿಕೊಂಡರು. ಜೊತೆಗೆ ಬಂದವರು ಸಾಕ್ಷಿಯಾಗಿ ಸಹಿ ಹಾಕಬೇಕು ಎಂದು ನನ್ನ ಮುಂದೆ ಇಟ್ಟರು. ಊರ ಶಾಲೆಯಲ್ಲಿ ಕಲಿತ ಅಕ್ಷರ ನನ್ನದು. ಬೆರಳಿಟ್ಟು ಒಂದೊಂದೇ ಪದ ಓದಿದೆ. “ಯಾರ ಒತ್ತಡವೂ ಇಲ್ಲದೆ, ಸ್ವಂತ ಇಚ್ಛೆಯಿಂದ” ಎಂದಿತ್ತು. ಅಲ್ಲಿಗೆ ಬೆರಳು ನಿಂತಿತು.

“ಏನಾತಜ್ಜಿ, ತಪ್ಪೈತೇನು?” ಎಂದರು ಬರೆದವರು.

ನಾನು ಅವಳ ಮುಖ ನೋಡಿದೆ. “ಹಾಕಿಬಿಡು ದೊಡ್ಡವ್ವ, ಬಸ್ಸು ಹೋಗಿಬಿಡತೈತಿ” ಎಂದಳು.

ಹಾಕಿದೆ.