ಒತ್ತಬಾರದ ಬಟನ್

ಬೆಟಗೇರಿಯ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ರೊಟ್ಟಿ ಆದ ಮೇಲೆ ಒಂದೊಂದು ಮನೆಗೂ ಫೋನು ಹಚ್ಚಿ ಕರೆಯುವಷ್ಟರಲ್ಲಿ ಅವಳ ಗಂಟಲು ಹರಿಯುತ್ತಿತ್ತು. ನಾನು ಗದಗಿನ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುವವನು. ಶಾಣ್ಯಾತನ ತೋರಿಸದೆ ಸುಮ್ಮನಿರಲಾದೀತೇ? ಅವಳ ಮೊಬೈಲಿಗೊಂದು ಆ್ಯಪ್ ಬರೆದುಕೊಟ್ಟೆ. ಮನೆಗೊಂದು ಬಟನ್. ಒತ್ತಿದರೆ ಆ ಮನೆಗೆ "ರೊಟ್ಟಿ ತಯಾರದಾವ, ಬರ್ರಿ" ಎಂಬ ಮೆಸೇಜು ಹೋಗಬೇಕು.

ಪಟ್ಟಿಯ ಕೊನೆಗೆ ವೈನಿ ಶಿರಹಟ್ಟಿಯ ಒಂದು ಮನೆ ಬರೆಸಿದಳು. ಹಿಂದಿನ ವಾರ ಅವಳ ಮಗಳನ್ನು ನೋಡಲು ಬಂದು, ಉಪ್ಪಿಟ್ಟು ತಿಂದು, "ಹೇಳಿ ಕಳಸ್ತೀವಿ" ಎಂದು ಹೋದವರು. ಆಮೇಲೆ ಸುದ್ದಿಯೇ ಇಲ್ಲ. ವೈನಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ಅವರು ಹೂಂ ಅಂದಮ್ಯಾಲೆ ರೊಟ್ಟಿ ಊಟಕ್ಕ ಕರಿಯೂಣು. ಅಲ್ಲೀತನಕ ಆ ಬಟನ್ ಯಾರೂ ಮುಟ್ಟಬ್ಯಾಡ್ರಿ. ಹುಡುಗಿ ಕಡಿಯವರು ಮೈಮ್ಯಾಲೆ ಬಿದ್ದಂಗ ಆಕ್ಕೈತಿ," ಎಂದಳು.

ಮರುದಿನ ಮುಂಜಾನೆ ಆ ಮಗಳೇ ಕುಳಿತು, ಶಿರಹಟ್ಟಿಯದನ್ನು ಬಿಟ್ಟು, ಉಳಿದ ಹನ್ನೊಂದೂ ಬಟನ್ ಒತ್ತಿದಳು. ಮಧ್ಯಾಹ್ನವಾದರೂ ರೊಟ್ಟಿ ಒಯ್ಯಲು ಒಂದು ನರಪಿಳ್ಳೆಯೂ ಬರಲಿಲ್ಲ. ಬಂದದ್ದು ಶಿರಹಟ್ಟಿಯಿಂದ ಫೋನು, ಹುಡುಗನ ತಾಯಿಯದು.

"ಮುಂಜಾನಿಂದ ಹನ್ನೊಂದು ಸಲ ಕರದೀರಲ್ರಿ."

ವೈನಿ ಹಿಟ್ಟಿನ ಚೀಲದ ಮೇಲೆ ಕುಸಿದಳು. ನನಗೆ ತಪ್ಪು ಎಲ್ಲಿದೆಯೆಂದು ಅಲ್ಲೇ ಹೊಳೆಯಿತು. ವೈನಿ ಪ್ರತಿ ರೊಟ್ಟಿ ಗಂಟಿಗೂ ಮನೆ ಹೆಸರಿನ ಚೀಟಿ ಸಿಕ್ಕಿಸುತ್ತಾಳೆ. ಬಟನ್ನಿಗೂ ಹಾಗೆಯೇ, ಒತ್ತಿದಾಗ ಮಾಡುವ ಕೆಲಸದ ಜೊತೆಗೆ ಯಾರ ಮನೆಯದೆಂಬ ವಿವರವನ್ನೂ ಕಟ್ಟಿಕೊಡಬೇಕು. ನಾನು ಎಲ್ಲ ಬಟನ್ನುಗಳಿಗೂ ಸೇರಿ ಒಂದೇ ಚೀಟಿ ಇಟ್ಟಿದ್ದೆ. ಅದರಲ್ಲಿ ಒಂದನ್ನು ಅಳಿಸಿ ಇನ್ನೊಂದು ಹೆಸರು ಬರೆಯುತ್ತ ಹೋಗಿ, ಕೊನೆಗೆ ಬರೆದ ಶಿರಹಟ್ಟಿಯ ಮನೆಯೊಂದೇ ಉಳಿದಿತ್ತು. ತರಗತಿಯಲ್ಲಿ ಇದೇ ತಪ್ಪಿಗೆ ಹುಡುಗರನ್ನು ಅರ್ಧ ತಾಸು ಬೈದ ಮಹಾಶಯ ನಾನು.

ಅಷ್ಟರಲ್ಲಿ ಫೋನಿನಲ್ಲಿ ನಗು ಕೇಳಿತು. "ನಮ್ಮ ಹುಡುಗ ಎಂಟು ದಿನದಿಂದ ಹೂಂ ಅನ್ರಿ ಅಂತ ಗಂಟು ಬಿದ್ದಾನ. ನಾವ ಬಿಗುಮಾನಕ್ಕ ತಡಾ ಮಾಡಿದ್ವಿ. ಗುರುವಾರ ಬರ್ತೀವ್ರಿ, ರೊಟ್ಟಿ ಎತ್ತಿಡ್ರಿ."

ವೈನಿ ಅತ್ತಳು, ಅಳುತ್ತಲೇ ನನ್ನನ್ನು ಬೈದಳು, ಆಮೇಲೆ ಹಳೆಯ ಪದ್ಧತಿಯಂತೆ ಹನ್ನೊಂದು ಮನೆಗೂ ಫೋನು ಹಚ್ಚಿದಳು.

ಸಂಜೆ ಕುಳಿತು ಪ್ರತಿ ಬಟನ್ನಿಗೂ ಅದರದೇ ವಿವರ ಕೊಟ್ಟು ಸರಿಮಾಡಿದೆ. ವೈನಿಯ ಮಗಳಿಗೆ ನನ್ನ ತಪ್ಪನ್ನು ಪಾಠದ ಧಾಟಿಯಲ್ಲೇ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮೂರನೇದಕ್ಕ ನನಗ ಗೊತ್ತಾಗಿತ್ತು, ಕಾಕಾ. ಎಲ್ಲಾ ಮೆಸೇಜೂ ಶಿರಹಟ್ಟಿ ನಂಬರಿಗೇ ಹೊಂಟಿದ್ವು."

"ಮತ್ತ ಯಾಕ ನಿಲ್ಲಸಲಿಲ್ಲವ್ವಾ?"

"ಹುಡುಗ ನನಗ ಪಸಂದ ಇದ್ದ. ಅವರು ಏನಂತಾರ, ಅವರು ಏನಂತಾರ ಅಂತ ಮನಿ ತುಂಬ ಅದನ್ನ ಮಾತಾಡಿದ್ರಿ. ನೀ ಏನಂತಿ ಅಂತ ನನ್ನ ಒಬ್ಬರಾದ್ರೂ ಕೇಳಿದ್ರೇನು?"

ನಾನೂ ಕೇಳಿರಲಿಲ್ಲ.