ಬೆಟ್ಟ ಕಡಿದ ಕೊಗ್ಗಣ್ಣನ ಕೈ

ಆ ಸಿನಿಮಾ ನೋಡಿದವರೆಲ್ಲ ನಾಯಕನ ಕಣ್ಣು ಹೊಗಳುತ್ತಾರೆ. ಹೊಗಳಲಿ, ನನಗೇನು! ಆದರೆ ಅದರಲ್ಲಿ ಬೆಟ್ಟ ಕಡಿಯುವ ಕೈ ಆ ಸುಂದರಾಂಗನದಲ್ಲ, ನಮ್ಮ ಕೊಗ್ಗಣ್ಣನದು. ಹಾಗಂತ ಹೇಳಿದರೆ ಜನ ನಗುತ್ತಾರೆ. "ಜೊವಿಟಾ, ನಿಂದು ಯಾವಾಗ್ಲೂ ಒಂದು ಕಥೆ ಮಾರಾಯ್ತಿ" ಅನ್ನುತ್ತಾರೆ. ಕಥೆಯಂತೆ, ಕಥೆ! ಆ ದಿನ ಒಮಾನಿನ ರುಸ್ತಾಕ್ ಕಣಿವೆಯಲ್ಲಿ ಬಿಸಿಲು ತಿಂದವಳು ನಾನು.

ಕೊಗ್ಗಣ್ಣ ಕಾರ್ಕಳದವರು. ಅವರ ಅಪ್ಪ ಕಡೆಯುವ ಕಲ್ಲು ಮಾಡುತ್ತಿದ್ದರಂತೆ. ಮನೆ ಮನೆಗೆ ಗ್ರೈಂಡರ್ ಬಂದ ಮೇಲೆ ಆ ಕಲ್ಲು ಯಾರಿಗೂ ಬೇಡವಾಯಿತು. ಮಗ ಉಳಿ, ಸುತ್ತಿಗೆ ಹಿಡಿದುಕೊಂಡು ಒಮಾನಿಗೆ ಬಂದು ವಿಲ್ಲಾಗಳ ಗೋಡೆಗೆ ಕಲ್ಲು ಕೂರಿಸಿದರು. ಆಮೇಲೆ ನಮ್ಮ ಕಂಪನಿ ಸೇರಿದರು. ನಮ್ಮದು ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ಆಫೀಸು. ವಸ್ತುಪ್ರದರ್ಶನಕ್ಕೆ ಸ್ಟಾಲು, ಮದುವೆಗೆ ಸ್ಟೇಜು, ಸಿನಿಮಾದವರು ಬಂದರೆ ಸೆಟ್ಟು. ನಾನು ಅಲ್ಲಿ ಅಡ್ಮಿನ್. ಅಂದರೆ ಎಲ್ಲರ ಬೈಗುಳ ತಿನ್ನುವುದು, ತಿಂದದ್ದನ್ನು ಬಡ್ಡಿ ಸೇರಿಸಿ ವಾಪಸ್ ಕೊಡುವುದು.

ಅವರ ಹೆಂಡತಿ ಅಪ್ಪಿಯಕ್ಕ ಅಲ್ ಹೈಲ್‌ನ ಒಂದು ವಿಲ್ಲಾದಲ್ಲಿ ಅಡುಗೆಗಿದ್ದರು. ಅದೇ ವಿಲ್ಲಾದ ಹಿಂದಿನ ಕೋಣೆಯಲ್ಲಿ ಗಂಡ ಹೆಂಡತಿಯ ವಾಸ. ಮಕ್ಕಳಿಲ್ಲ. ಯಾರಾದರೂ ಆ ವಿಷಯ ಎತ್ತಿದರೆ ಕೊಗ್ಗಣ್ಣ, "ಅವಳಿಗೆ ನಾನು, ನಂಗೆ ಅವಳು, ಖಲಾಸ್" ಅನ್ನುತ್ತಿದ್ದರು.

ಈ ಖಲಾಸ್ ಅವರ ಬಾಯಲ್ಲಿ ಉಸಿರಿನ ಹಾಗೆ ಬರುತ್ತಿತ್ತು. ಊಟ ಆಯ್ತಾ? ಖಲಾಸ್. ಸ್ಟೇಜ್ ರೆಡಿಯಾ? ಖಲಾಸ್ ಬಾಯಮ್ಮ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಬಾಯಮ್ಮ ಅನ್ನುವುದು, ಒಮಾನಿಗೆ ಬಂದರೂ ಅವರು ಬಿಟ್ಟಿರಲಿಲ್ಲ. ಇಲ್ಲಿ ಖಲಾಸ್ ಅಂದರೆ ಆಯಿತು, ಮುಗಿಯಿತು, ಸಾಕು. ಅರಬರಿಂದ ಹಿಡಿದು ಕ್ಷೌರದಂಗಡಿಯವನವರೆಗೆ ಎಲ್ಲರೂ ಅನ್ನುತ್ತಾರೆ. ರುಸ್ತಾಕ್ ಪೇಟೆಯಲ್ಲಿ ಅದೇ ಹೆಸರಿನ ಖರ್ಜೂರವೂ ಸಿಗುತ್ತದೆ, ಅಪ್ಪಿಯಕ್ಕನಿಗೆ ಅದೆಂದರೆ ಪ್ರಾಣ. ಆದರೆ ಊರಲ್ಲಿ ಒಬ್ಬ ಮನುಷ್ಯ ಖಲಾಸ್ ಅಂದರೆ ಬೇರೆಯೇ ಅರ್ಥ. "ಅವ ಖಲಾಸ್" ಅಂದರೆ ಹೆಣ ಎತ್ತುವುದೊಂದೇ ಬಾಕಿ. ಇಷ್ಟು ವರ್ಷ ಈ ಎರಡು ಅರ್ಥ ಎಂದೂ ಒಂದಕ್ಕೊಂದು ತಾಗಿರಲಿಲ್ಲ.

ಸಿನಿಮಾದವರು ಬಂದರು. ಕಥೆ ತುರ್ಕಿಯದು, ನಿರ್ದೇಶಕ ಇನ್ನೆಲ್ಲಿಯವನೋ, ಬೆಟ್ಟ ಒಮಾನಿನದು. ತುರ್ಕಿಯಲ್ಲಿ ಅಜ್ಜಿಯರು ಹೇಳುವ ಹಳೇ ಪ್ರೇಮಕಥೆಯಂತೆ. ಒಬ್ಬ ಕಲ್ಲುಕುಟಿಗ ಹುಡುಗ ಅರಮನೆಯ ಹುಡುಗಿಯನ್ನು ಮೆಚ್ಚುತ್ತಾನೆ. "ಬೆಟ್ಟ ಕಡಿದು ಊರಿಗೆ ನೀರು ತಾ, ಹುಡುಗಿಯನ್ನು ಕೊಡುತ್ತೇವೆ" ಅನ್ನುತ್ತಾರೆ ದೊಡ್ಡವರು. ಅವನಿಂದ ಆಗುವುದಿಲ್ಲ ಅಂತ ಗೊತ್ತಿದ್ದೇ ಹೇಳಿದ ಮಾತು. ಇವನು ಕಡಿದೇ ಕಡಿಯುತ್ತಾನೆ. ಇನ್ನೇನು ನೀರು ಹರಿಯಬೇಕು, ಆಗ ಅವರು ಒಬ್ಬ ಮುದುಕಿಯ ಕೈಯಲ್ಲಿ ತಿಥಿಯ ಹಲ್ವ ಕೊಟ್ಟು ಕಳಿಸುತ್ತಾರೆ. "ಅಯ್ಯೋ ಮಗನೇ, ಯಾರಿಗಾಗಿ ಕಡಿಯುತ್ತೀ? ಅವಳು ಸತ್ತಳು" ಅನ್ನುತ್ತಾಳೆ ಮುದುಕಿ. ಹಸಿ ಸುಳ್ಳು. ಹುಡುಗ ಕೈಯಲ್ಲಿದ್ದ ಗುದ್ದಲಿ ಆಕಾಶಕ್ಕೆ ಎಸೆಯುತ್ತಾನೆ, ಅದು ಅವನ ತಲೆಯ ಮೇಲೇ ಬೀಳುತ್ತದೆ. ಸುದ್ದಿ ಕೇಳಿ ಹುಡುಗಿಯೂ ಬಂಡೆಯಿಂದ ಹಾರುತ್ತಾಳೆ.

ಸಹಾಯಕ ನಿರ್ದೇಶಕ ಹಿಂದಿಯಲ್ಲಿ ಇದನ್ನು ಹೇಳಿದಾಗ ನನ್ನ ಕಣ್ಣು ಒದ್ದೆಯಾಯಿತು. ಕೊಗ್ಗಣ್ಣ ಮಾತ್ರ ಬೀಡಿ ಆರಿಸಿ ಕೇಳಿದರು.

"ಅವ ಎಂತ ಮರ್ಲನಾ ಬಾಯಮ್ಮ, ತಲೆ ಕೆಟ್ಟವನಾ? ಯಾವುದೋ ಮುದುಕಿ ಬಂದು ಹೇಳಿದ್ಲು ಅಂತ ನಂಬುದಾ? ಒಂದು ಸಲ ಹೋಗಿ ನೋಡ್ಬಹುದಿತ್ತಲ್ಲ!"

"ಹೋಗಿ ನೋಡಿದ್ರೆ ಸಿನಿಮಾ ಎಲ್ಲಿಂದ ಆಗ್ತದೆ ಕೊಗ್ಗಣ್ಣ?" ಅಂದೆ.

ನಾಯಕನ ಕೈ ಹೂವಿನಂಥದ್ದು, ಸುತ್ತಿಗೆ ಎತ್ತಿದರೆ ಸುತ್ತಿಗೆಗೇ ಕನಿಕರ ಬರಬೇಕು. ಹಾಗಾಗಿ ಹತ್ತಿರದಿಂದ ತೆಗೆಯುವಾಗೆಲ್ಲ ಕೊಗ್ಗಣ್ಣನ ಕೈ. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ಕಿಡಿ ನಿಜವಾಗಿ ಹಾರಬೇಕೆಂದು ಕಲ್ಲೂ ನಿಜವಾದದ್ದೇ. ಕ್ಯಾಮೆರಾ ಮುಂದೆ ಆ ಕೈ ಕೆಲಸ ಮಾಡುವುದನ್ನು ನೋಡಲು ಊಟದ ತಟ್ಟೆ ಹಿಡಿದವರೂ ನಿಂತುಬಿಡುತ್ತಿದ್ದರು. "ಬಾಯಮ್ಮ, ಅಪ್ಪಿಗೆ ಹೇಳ್ಬೇಡಿ, ಸಿನಿಮಾ ಬಂದ ಮೇಲೆ ಅವಳೇ ನೋಡ್ಲಿ" ಎಂದು ಕೊಗ್ಗಣ್ಣ ನಾಚಿಕೊಂಡು ಹೇಳಿದ್ದರು. ಆ ಹೊತ್ತಿಗೆ ಅಪ್ಪಿಯಕ್ಕನಿಗೆ ಎಲ್ಲ ಗೊತ್ತಾಗಿತ್ತು. ನನ್ನ ಬಾಯಲ್ಲಿ ಯಾವುದು ನಿಂತಿದೆ?

ಅಷ್ಟರಲ್ಲಿ ಅಪ್ಪಿಯಕ್ಕನ ಹೊಟ್ಟೆನೋವು ಜೋರಾಯಿತು. ಸ್ಕ್ಯಾನ್ ಮಾಡಿದರೆ ಗಡ್ಡೆ. ಎಂಥ ಗಡ್ಡೆ ಎನ್ನುವುದು ಹೊಟ್ಟೆ ತೆರೆದ ಮೇಲೇ ಗೊತ್ತಾಗುವುದು ಎಂದರು ಡಾಕ್ಟರು, ರಕ್ತ ಕಡಿಮೆ ಇದೆ, ಅಪಾಯವಿಲ್ಲ ಎನ್ನಲಾಗದು ಎಂದೂ ಹೇಳಿದರು. ಆಪರೇಷನ್ ಮುಂದಿನ ವಾರಕ್ಕೆ ಇತ್ತು. ಇದ್ದಕ್ಕಿದ್ದ ಹಾಗೆ "ನಾಳೆ ಬೆಳಿಗ್ಗೆ ಜಾಗ ಖಾಲಿ ಇದೆ, ಬನ್ನಿ" ಎಂದು ಮಸ್ಕತ್ತಿನ ಆಸ್ಪತ್ರೆಯಿಂದ ಫೋನ್ ಬಂತು. ಅದೇ ಬೆಳಿಗ್ಗೆ ಕಣಿವೆಯಲ್ಲಿ ನೀರು ಚಿಮ್ಮುವ ಮುಂಚಿನ ಕೊನೇ ಶಾಟು. ನಾನು ಸಹಾಯಕನ ಹತ್ತಿರ ಜಗಳವಾಡಿದೆ. ಬೇರೆ ಕೈ ಹಾಕಿದರೆ ಗೊತ್ತಾಗುತ್ತದೆ, ಒಂದೇ ಶಾಟ್, ಮುಗಿದ ಕೂಡಲೇ ಕಾರಿನಲ್ಲಿ ಕಳಿಸುತ್ತೇವೆ ಎಂದು ಅವನು ಕೈ ಮುಗಿದ. ಕೊನೆಗೆ ಅಪ್ಪಿಯಕ್ಕನೇ ಗಂಡನನ್ನು ಗದರಿಸಿದರು.

"ನೀವು ಇಲ್ಲಿ ಕೂತು ಎಂತ ಮಾಡ್ತೀರಿ? ಬಾಗಿಲು ಕಾಯುದಾ? ರತ್ನಕ್ಕ ಇದ್ದಾರೆ ನನ್ನೊಟ್ಟಿಗೆ. ಕೆಲ್ಸ ಮುಗ್ಸಿ ಬನ್ನಿ. ಬರುವಾಗ ರುಸ್ತಾಕಿಂದ ಖಲಾಸ್ ತನ್ನಿ, ಮರೀಬೇಡಿ."

ರತ್ನಕ್ಕ ಅಂದರೆ ರತ್ನಪ್ರಭಾ, ಪಕ್ಕದ ವಿಲ್ಲಾದಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು.

ಬೆಳಿಗ್ಗೆ ನನ್ನ ಜೊತೆ ಹೊರಟ ಕೊಗ್ಗಣ್ಣ ರುಸ್ತಾಕ್ ಪೇಟೆಯಲ್ಲಿ ಕಾರು ನಿಲ್ಲಿಸಲು ಹೇಳಿ ಮೊದಲು ಖರ್ಜೂರ ಕೊಂಡರು. ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು, ಬಿಸಿಲು ಬೀಳುತ್ತದೆ ಎಂದು ಸೀಟಿನ ಕೆಳಗೆ ಇಟ್ಟು, ಕಾಲು ತಾಗುತ್ತದೆ ಎಂದು ಮತ್ತೆ ಮಡಿಲಿಗೆ ಎತ್ತಿಕೊಂಡರು. ಕಣಿವೆಯಲ್ಲಿ ನೆಟ್‌ವರ್ಕ್ ಇಲ್ಲ. ಮೇಲೆ ರಸ್ತೆಯ ತಿರುವಿನಲ್ಲಿ, ನೀರಿನ ಟ್ಯಾಂಕರ್ ನಿಲ್ಲುವಲ್ಲಿ ಮಾತ್ರ ಸ್ವಲ್ಪ ಸಿಗುತ್ತದೆ. ಟ್ಯಾಂಕರಿನ ಡ್ರೈವರ್ ಜಲಾಲ್, ಪೇಶಾವರದವನು, ಒಳ್ಳೇ ಮನುಷ್ಯ. ಕೊಗ್ಗಣ್ಣ ತಮ್ಮ ಫೋನನ್ನು ಅವನ ಕೈಗೆ ಕೊಟ್ಟು, "ರತ್ನಾ ದೀದಿ ಕಾ ಫೋನ್ ಆಯೇಗಾ" ಎಂದು ಹೇಳಿ ಕೆಳಗೆ ಇಳಿದರು. ಇಳಿಯುವಾಗ ತಿರುಗಿ ತಿರುಗಿ ನೋಡುತ್ತಿದ್ದರು.

ಒಂದೇ ಶಾಟ್ ಅಂದದ್ದು ಎಳೆಯುತ್ತಾ ಹೋಯಿತು. ನೆರಳು ಸರಿ ಇಲ್ಲ, ಧೂಳು ಸಾಲದು, ಕಿಡಿ ಹಾರಲಿಲ್ಲ. ಬಂಡೆಯ ಸೀಳಿನೊಳಗೆ ಕುಕ್ಕರಗಾಲಲ್ಲಿ ಕೂತ ಕೊಗ್ಗಣ್ಣ ಪ್ರತಿ ಸಲವೂ "ಫೋನ್ ಬಂತಾ ಬಾಯಮ್ಮ?" ಎಂದು ಕೇಳುವುದು, ನಾನು ಇಲ್ಲ ಅನ್ನುವುದು. ಇವರಿಗೆಲ್ಲ ಬೆಂಕಿ ಬೀಳಲಿ ಎಂದು ಶಪಿಸುತ್ತಾ ನಿಂತಿದ್ದೆ.

ಮತ್ತೊಮ್ಮೆ ಕ್ಯಾಮೆರಾ ಓಡಿತು. ಕೊಗ್ಗಣ್ಣ ಉಳಿಯನ್ನು ಕಲ್ಲಿಗಿಟ್ಟು ಸುತ್ತಿಗೆ ಎತ್ತಿದರು. ಅದೇ ಹೊತ್ತಿಗೆ ಮೇಲಿನಿಂದ ಕೂಗು ಕೇಳಿತು. ಜಲಾಲ್ ಕಲ್ಲುಗಳ ಮೇಲೆ ಜಾರುತ್ತಾ ಓಡಿ ಬರುತ್ತಿದ್ದ. ಗಾಳಿ ಅವನ ಅರ್ಧ ಮಾತು ಕಸಿದುಕೊಂಡು ಉಳಿದದ್ದನ್ನು ನಮ್ಮ ಕಡೆಗೆ ಎಸೆಯಿತು.

"ಕೊಗ್ಗಾ ಭಾಯ್! ಅಪ್ಪಿ ಭಾಭಿ... ಖಲಾಸ್! ಖಲಾಸ್ ಹೋಗಯಾ!"

ಯೇಸುವೇ! ದಿನಕ್ಕೆ ನೂರು ಸಲ ಆ ಮಾತು ಕೇಳುವವಳು ನಾನು, ನನಗೂ ಆ ಕ್ಷಣ ಊರಿನ ಅರ್ಥವೇ ತಲೆಗೆ ಹೊಕ್ಕಿತು. ಸೀಳಿನೊಳಗಿದ್ದ ಕೊಗ್ಗಣ್ಣನಿಗೆ ಜಲಾಲನ ಮುಖ ಕಾಣುತ್ತಿರಲಿಲ್ಲ. ಅವನು ನಗುತ್ತಿದ್ದುದು ಕಾಣುತ್ತಿರಲಿಲ್ಲ. ಮೇಲೆ ಹೋದ ಸುತ್ತಿಗೆ ಕೆಳಗೆ ಬಂತು, ಉಳಿಯ ಮೇಲಲ್ಲ, ಉಳಿ ಹಿಡಿದ ಬೆರಳುಗಳ ಮೇಲೆ. ಅವರು ಕೂಗಲಿಲ್ಲ. ಜಜ್ಜಿದ ಕೈಯನ್ನು ನೋಡಲೂ ಇಲ್ಲ. ಎದ್ದು ರಸ್ತೆಯ ಕಡೆಗೆ ಹತ್ತತೊಡಗಿದರು.

"ಆಪರೇಷನ್ ಖಲಾಸ್! ಭಾಭಿ ಟೀಕ್ ಹೈ! ಅಲ್ಲಾ ಕಸಮ್!" ಎಂದು ಜಲಾಲ್ ಅವರ ಭುಜ ಹಿಡಿದು ಅಲುಗಿಸಿದ. ನಾನೂ ಕನ್ನಡದಲ್ಲಿ, ಬರುವಷ್ಟು ತುಳುವಿನಲ್ಲಿ ಹೇಳಿದೆ. ಆಪರೇಷನ್ ಮುಗಿದಿದೆ, ಅಷ್ಟೇ, ಅವರು ಚೆನ್ನಾಗಿದ್ದಾರೆ ಎಂದೆ. ಕೊಗ್ಗಣ್ಣ ನನ್ನ ಮುಖ ನೋಡಿದರು.

"ನನ್ನ ಅಮ್ಮ ಸತ್ತಾಗ್ಲೂ ಹೀಗೇ ಹೇಳಿದ್ದು ಬಾಯಮ್ಮ. ಸ್ವಲ್ಪ ಸೀರಿಯಸ್, ಬೇಗ ಬಾ ಅಂತ. ಗಲ್ಫಿನವರಿಗೆ ಸತ್ತದ್ದನ್ನು ಯಾರು ಸೀದಾ ಹೇಳ್ತಾರೆ? ನಾನು ಊರಿಗೆ ಮುಟ್ಟುವಾಗ ಬೂದಿ ತಣ್ಣಗಾಗಿತ್ತು."

ನಾವೆಲ್ಲ ಮಾಡುವುದು ಹಾಗೆಯೇ. ಸಾವನ್ನು ವಿಮಾನ ಹತ್ತಿಸುವವರೆಗೆ ಕಾಯಿಲೆ ಎಂದೇ ಹೇಳುತ್ತೇವೆ.

ಜಲಾಲ್ ಕಾರು ಓಡಿಸಿದ. ನಾನು ಹಿಂದೆ ಕೊಗ್ಗಣ್ಣನ ಕೈಗೆ ನನ್ನ ಶಾಲು ಸುತ್ತಿ ಒತ್ತಿ ಹಿಡಿದುಕೊಂಡೆ. ರುಸ್ತಾಕಿನಲ್ಲಿ ಆಸ್ಪತ್ರೆಗೆ ಹೊಕ್ಕರೆ ಡಾಕ್ಟರು, "ಎರಡು ಬೆರಳು ತುಂಬಾ ಕೆಟ್ಟಿವೆ. ಈಗಲೇ ಆಪರೇಷನ್‌ಗೆ ಮಲಗಿಸಿದರೆ ಉಳಿಸಲು ಪ್ರಯತ್ನಿಸಬಹುದು, ತಡವಾದರೆ ಹೇಳಲಾಗದು" ಎಂದರು. ಕೊಗ್ಗಣ್ಣ ಪಟ್ಟಿ ಕಟ್ಟಿಸಿಕೊಂಡವರೇ ಎದ್ದುಬಿಟ್ಟರು.

"ಕೂತ್ಕೊಳ್ಳಿ ಕೊಗ್ಗಣ್ಣ! ನಿಮ್ಮ ಅನ್ನ ಅದು, ಆ ಕೈ!" ನಾನು ಕಿರುಚಿದೆ. "ಅಪ್ಪಿಯಕ್ಕ ಚೆನ್ನಾಗಿದ್ದಾರೆ ಅಂತ ಎಷ್ಟು ಸಲ ಹೇಳ್ಬೇಕು?"

"ಹಾಗಾದ್ರೆ ಫೋನ್ ಮಾಡಿ ಕೊಡಿ. ಅವಳ ಸ್ವರ ಕೇಳ್ಸಿ."

ಮಾಡಿದೆ. ರತ್ನಕ್ಕನ ಫೋನ್ ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ ಸ್ವಿಚ್ ಆಫ್. ಕೊಗ್ಗಣ್ಣ ಕಾರಿನಲ್ಲಿ ಹೋಗಿ ಕೂತರು. ಕೈಹಿಡಿದು ಎಳೆಯಲು ಅವರೇನು ಮಗುವೇ?

ಆ ದಾರಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹೆದ್ದಾರಿಯಲ್ಲಿ ಕಾರುಗಳ ಹಿಂದೆ ಕಾರು. ಕೈಯ ಪಟ್ಟಿ ರಕ್ತದಲ್ಲಿ ತೋಯುತ್ತಿತ್ತು. ರತ್ನಕ್ಕ ಸರಿಯಾಗಿ ಏನು ಹೇಳಿದರು ಎಂದು ನಾನು ಜಲಾಲನನ್ನು ಕೇಳುತ್ತಲೇ ಇದ್ದೆ. ಮೊದಲು ಖಚಿತವಾಗಿ ಹೇಳುತ್ತಿದ್ದವನು ಬರುಬರುತ್ತಾ, "ಲೈನ್ ಕಟ್ ಕಟ್ ಹೋ ರಹಾ ಥಾ ಮೇಡಂ, ಖಲಾಸ್ ಬೋಲಾ, ಮೈನೆ ಸಮಝಾ..." ಎಂದು ತೊದಲಿದ. ಲೈನ್ ಕಡಿಯುತ್ತಿತ್ತು, ಖಲಾಸ್ ಅಂದದ್ದಷ್ಟೇ ಅವನಿಗೆ ಕೇಳಿದ್ದು ಅಂತಾಯಿತು! ಆಗ ನನಗೇ ಅನುಮಾನ ಹೊಕ್ಕಿತು. ಅವನೇ ತಪ್ಪು ತಿಳಿದಿದ್ದರೆ? ನಿಜವಾಗಿಯೂ ಖಲಾಸ್ ಆಗಿದ್ದರೆ? ನಮಾನ್ ಮರಿಯೆ, ನಮಾನ್ ಮರಿಯೆ ಎಂದು ಮರಿಯಮ್ಮನನ್ನು ಬಾಯೊಳಗೇ ಜಪಿಸಿದೆ. ಕೊಗ್ಗಣ್ಣನ ಒಳ್ಳೇ ಕೈ ಖರ್ಜೂರದ ಡಬ್ಬಿಯ ಮೇಲಿತ್ತು.

"ಅವ ಮರ್ಲ ಅಂದೆ ನಾನು, ಆ ತುರ್ಕಿಯವನನ್ನು" ಎಂದರು ಒಮ್ಮೆ. "ನಾನಾದ್ರೆ ಹೋಗಿ ನೋಡ್ತೇನೆ. ಬೆರಳು ಹೋದ್ರೆ ಹೋಗ್ಲಿ, ನೋಡ್ದೆ ಇರುದಿಲ್ಲ."

ಆಸ್ಪತ್ರೆಯ ಕಾರಿಡಾರಿನಲ್ಲಿ ರತ್ನಕ್ಕ ಎದುರು ಬಂದರು. ಅತ್ತು ಅತ್ತು ಮುಖ ಊದಿತ್ತು. ಕೊಗ್ಗಣ್ಣ ಗೋಡೆ ಹಿಡಿದು ನಿಂತರು.

"ಅಯ್ಯೋ, ಈಗ ಬಂದ್ರಾ? ಕೆಟ್ಟ ಗಡ್ಡೆ ಅಲ್ಲ ಅಂತೆ, ತೆಗ್ದಾಯ್ತಂತೆ! ಖುಷಿಯಲ್ಲಿ ನಂಗೆ ಅಳು ನಿಲ್ತಾ ಇಲ್ಲ ಮಾರಾಯ್ರೆ. ಫೋನಿನ ಚಾರ್ಜ್ ಬೇರೆ ಹೋಯ್ತು" ಎಂದರು ರತ್ನಕ್ಕ. ಅವರ ಕೆನ್ನೆಗೆ ಎರಡು ಬಾರಿಸಿ ಆಮೇಲೆ ಅಪ್ಪಿಕೊಳ್ಳೋಣ ಅನ್ನಿಸಿತು. ಅಪ್ಪಿಕೊಂಡೆ ಮಾತ್ರ.

ಒಳಗೆ ಅಪ್ಪಿಯಕ್ಕ ಅರೆಗಣ್ಣು ಬಿಟ್ಟು ಮಲಗಿದ್ದರು. ಕೊಗ್ಗಣ್ಣ ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ಬಗ್ಗಿದರು. ಅಪ್ಪಿಯಕ್ಕನ ತುಟಿ ಅಲುಗಿತು. ಒಣಗಿದ ದನಿಯಲ್ಲಿ ಕೇಳಿದರು.

"ಖಲಾಸ್ ತಂದ್ರಾ?"

ಡಬ್ಬಿಯನ್ನು ದಿಂಬಿನ ಪಕ್ಕ ಇಟ್ಟು ಕೊಗ್ಗಣ್ಣ ಮಂಚದ ಕಂಬಿಗೆ ಹಣೆ ಒತ್ತಿ ಅತ್ತರು. ಅಪ್ಪಿಯಕ್ಕನಿಗೆ ಯಾಕೆಂದು ತಿಳಿಯಲಿಲ್ಲ. ಕೈ ತೋರಿಸಿದ್ದು ಮಾರನೇ ದಿನ, ಆಗ ಆ ಎರಡು ಬೆರಳು ಇರಲಿಲ್ಲ.

ಈಗ ಕೊಗ್ಗಣ್ಣ ನಮ್ಮ ಸ್ಟೋರ್ ನೋಡಿಕೊಳ್ಳುತ್ತಾರೆ. ಉಳಿ ಹಿಡಿಯುವುದಿಲ್ಲ. ಎಡಗೈ ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿರುತ್ತದೆ. ಖಲಾಸ್ ಅನ್ನುವುದನ್ನೂ ಬಿಟ್ಟಿದ್ದಾರೆ. ಸಾಮಾನು ಬಂತಾ ಎಂದರೆ ತುಳುವಿನಲ್ಲಿ "ಆಂಡ್" ಅನ್ನುತ್ತಾರೆ, ಆಯಿತು ಅಂತ.

ಸಿನಿಮಾ ಮಸ್ಕತ್ತಿಗೆ ಬಂದಾಗ ನಾನೇ ಇಬ್ಬರನ್ನೂ ಎಳೆದುಕೊಂಡು ಹೋದೆ. ಕೊಗ್ಗಣ್ಣ ಬೇಡ ಬೇಡ ಎಂದರು, ಅಪ್ಪಿಯಕ್ಕ ಬಿಡಲಿಲ್ಲ. ಪರದೆಯ ಮೇಲೆ ಆ ಕೈ ಬಂದ ಕೂಡಲೇ, "ಅದು ಇವರ ಕೈ" ಎಂದು ಅಪ್ಪಿಯಕ್ಕ ಪಕ್ಕದಲ್ಲಿದ್ದ ಯಾರೋ ಅರಬಿ ಹೆಂಗಸಿಗೆ ತುಳುವಿನಲ್ಲೇ ಹೇಳಿದರು. ಐದೂ ಬೆರಳು ಉಳಿಯನ್ನು ಸುತ್ತಿ ಹಿಡಿದಿದ್ದವು, ಪರದೆಯ ತುಂಬಾ, ಉಗುರಿನ ಸಂದಿಯ ಧೂಳು ಕೂಡ ಕಾಣುತ್ತಿತ್ತು. ಆಮೇಲೆ ಮುದುಕಿ ಹಲ್ವದ ತಟ್ಟೆ ಹಿಡಿದು ಬೆಟ್ಟ ಹತ್ತಿ ಬಂದಳು. ನನಗೆ ಗೊತ್ತಾಯಿತು, ಇದು ಅದೇ ಶಾಟು. ಆ ದಿನದ್ದೇ.

ಸುತ್ತಿಗೆ ಮೇಲೆ ಹೋಯಿತು.

"ಬೇಡ!" ಎಂದು ಅಪ್ಪಿಯಕ್ಕ ಕೂಗಿಬಿಟ್ಟರು. ಗಂಡನ ಎಡಗೈಯನ್ನು ಜೇಬಿನಿಂದ ಎಳೆದು ತಮ್ಮ ಎರಡೂ ಕೈಗಳಿಂದ ಮುಚ್ಚಿ ಹಿಡಿದರು. ಪರದೆಯ ಮೇಲೆ ಸುತ್ತಿಗೆ ಕೆಳಗೆ ಬರಲಿಲ್ಲ, ಅಷ್ಟರಲ್ಲಿ ನಾಯಕನ ಮುಖ ಬಂದಿತ್ತು. ಮುಂದಿನ ಸಾಲಿನವರು ತಿರುಗಿ ಸುಮ್ಮನಿರಿ ಎಂದರು. ಲೈಟು ಹತ್ತುವವರೆಗೂ ಅಪ್ಪಿಯಕ್ಕ ಆ ಕೈ ಬಿಡಲಿಲ್ಲ.