ಹೆಡ್‌ಲೈಟ್ ಹಾಕಿದರೆ ಮಾತ್ರ ಹಾಡುವ ರೇಡಿಯೋ

ಹಳೇ ಕಾರಿಗೆ ಹೊಸ ಮಾಡೆಲ್ಲಿನ ಕಂಪನಿ ರೇಡಿಯೋ ಹಾಕಿಸಿ ನೆಮ್ಮದಿ ಕಳೆದುಕೊಂಡೆ ಮಾರಾಯ್ರೇ. ಎರಡರ ವೈರೂ ಬೇರೆ ಬೇರೆ ಅಂತ ಸವಳಂಗ ರಸ್ತೆಯ ಅಂಗಡಿಯವನು ನಡುವೆ ಅಡಾಪ್ಟರ್ ಕೂರಿಸಿದ. ಎಲ್ಲಿ ಏನು ತಪ್ಪಿತೋ, ಹೆಡ್‌ಲೈಟ್ ಹಾಕಿದರೆ ಮಾತ್ರ ರೇಡಿಯೋ ಹಾಡುತ್ತದೆ.

ಇವತ್ತು ಮಧ್ಯಾಹ್ನ ಅಮ್ಮನನ್ನು ಕೂರಿಸಿಕೊಂಡು ಭದ್ರಾವತಿಗೆ ಹೊರಟೆ. ವೈರ್ ಸುಟ್ಟ ವಾಸನೆ ಬಂದೀತೆಂದು ದಾರಿಯುದ್ದಕ್ಕೂ ಮೂಗು ಅರಳಿಸಿಕೊಂಡೇ ಇದ್ದೆ.

"ಬಿಸಿಲಲ್ಲಿ ಲೈಟ್ ಯಾಕೋ? ಬ್ಯಾಟರಿ ಇಳಿಯುತ್ತೆ, ಆರ್ಸು" ಎಂದಳು ಅಮ್ಮ. ಆರಿಸಿದೆ.

"ಅಯ್ಯೋ, ಹಾಡು ಯಾಕೆ ನಿಲ್ಸಿದೆ?"

ಮತ್ತೆ ಹಾಕಿದೆ. ಹೀಗೇ ಹಾಕುತ್ತಾ ಆರಿಸುತ್ತಾ ಮಾಚೇನಹಳ್ಳಿ ಮುಟ್ಟುವಷ್ಟರಲ್ಲಿ ಎದುರು ಬರುವ ಬೈಕಿನವರೆಲ್ಲ ನಿಲ್ಲಿಸಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಮುಂದೆ ಪೊಲೀಸ್ ಇದ್ದರೆ ಲೈಟ್ ಹೊಡೆದು ತಿಳಿಸುವುದು ನಮ್ಮ ರಸ್ತೆಯ ಧರ್ಮವಲ್ಲವೇ! ತಿರುವಿನಲ್ಲಿ ಒಬ್ಬ ಕೈ ಅಡ್ಡ ಹಿಡಿದು ಕೇಳಿಯೇಬಿಟ್ಟ: "ಸಾರ್, ಎಲ್ಲಿ ಹಿಡೀತಿದಾರೆ?"

"ಪೊಲೀಸ್ ಇಲ್ಲಪ್ಪ, ಇದು ರೇಡಿಯೋ ಪ್ರಾಬ್ಲಮ್ಮು" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳದಾರಿ ಹಿಡಿದ.

ಅಷ್ಟರಲ್ಲಿ ಎದುರಿನ ಲಾರಿ ನನಗೇ ಲೈಟ್ ಹೊಡೆಯಿತು. ಪಾಪ, ಅವನೂ ರೇಡಿಯೋ ಬದಲಿಸಿರಬೇಕು ಎಂದುಕೊಂಡೆ. ಎಂದುಕೊಳ್ಳುತ್ತಲೇ ಸೀಟ್ ಬೆಲ್ಟ್ ಎಳೆದು ಹಾಕಿಕೊಂಡೆ.